ಬಚ್ಚಲಲ್ಲಿ ಹೇಳದೆ ಉಳಿದ ಮಾತು

ಕೊಹಿನೂರು ಎಂಬ ಹಳ್ಳಿಯಲ್ಲಿ ಕೇಶರಬಾಯಿಯನ್ನು ಯಾರೂ ಒಳ್ಳೆಯವಳು ಎನ್ನುತ್ತಿರಲಿಲ್ಲ, ಬೇಕಾದವಳು ಎನ್ನುತ್ತಿದ್ದರು. ಇವೆರಡರ ನಡುವಿನ ಅಂತರ ಅವಳಿಗೂ ಗೊತ್ತಿತ್ತು. ಊರಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಮರುದಿನ ಅವಳಿಗೆ ಕರೆ ಬರುತ್ತಿತ್ತು. ಹೆರಿಗೆ ಮಾಡಿಸುವ ಸೂಲಗಿತ್ತಿ ಬೇರೆ. ಕೇಶರಬಾಯಿಯದು ಬಾಣಂತಿಗೆ ಎರೆಯುವ ಕೆಲಸ. ಹೊಟ್ಟೆ ನೀವಿ, ಮೈಗೆ ಎಣ್ಣೆ ತಿಕ್ಕಿ, ಮುಟ್ಟಿದರೆ ಕೈ ಎಳೆದುಕೊಳ್ಳುವಂಥ ಬಿಸಿನೀರನ್ನು ನಡುವಿನ ಮೇಲೆ ರಪರಪನೆ ಹೊಡೆದು, ಹೊಟ್ಟೆಗೆ ಬಟ್ಟೆ ಬಿಗಿದು, ಹೊರಸಿನ ಮೇಲೆ ಮಲಗಿಸಿ ಲೋಬಾನದ ಹೊಗೆ ಹಾಕಿದರೆ ಒಂದು ಮನೆಯ ಕೆಲಸ ಮುಗಿಯಿತು. ಆಮೇಲೆ ಮುಂದಿನ ಮನೆ. ಎತ್ತರದ, ಎಲುಬು ಕಾಣುವ ಹೆಂಗಸು. ಕೈಗಳು ಗಂಡಸಿನ ಕೈಗಳಂತಿದ್ದವು, ಮಾತೂ ಹಾಗೆಯೇ ಇತ್ತು.

ಅವಳದೊಂದು ಕಟ್ಟಳೆಯಿತ್ತು. ಎರೆಯುವಾಗ ಬಚ್ಚಲೊಳಗೆ ತಾನು ಮತ್ತು ಬಾಣಂತಿ ಬಿಟ್ಟು ಮೂರನೆಯವರು ಇರಕೂಡದು. ಅತ್ತೆಯಾದವಳು ಹೊರಗಿನ ಒಲೆಯ ಮುಂದೆ ಕೂತು ಕಟ್ಟಿಗೆ ದೂಡಬೇಕು.

“ಒಲಿ ಬಿಟ್ಟು ಏಳಬ್ಯಾಡ್ರಿ. ನೀರು ಆರಿದ್ರ ಬಾಳಂತಿಗಿ ವಾತ ಹೊಡಿತದ. ಆಮ್ಯಾಲ ನಾ ಜಿಮ್ಮೇದಾರಲ್ಲ” ಎಂದು ಹೇಳಿ ಬಾಗಿಲು ಎಳೆದುಕೊಳ್ಳುತ್ತಿದ್ದಳು.

ಅತ್ತೆಯರಿಗೆ ಇದು ಬಾಣಂತನದ ಶಿಸ್ತಾಗಿ ಕಾಣುತ್ತಿತ್ತು. ಅದರ ನಿಜವಾದ ಉಪಯೋಗ ಬೇರೆಯೇ ಇತ್ತು. ನೀರು ಬೀಳುವ ಸದ್ದಿನಲ್ಲಿ ಒಳಗೆ ಆಡಿದ ಮಾತು ಒಲೆಯವರೆಗೆ ಕೇಳುತ್ತಿರಲಿಲ್ಲ. ಗಂಡ, ಅತ್ತೆ, ನಾದಿನಿ ಯಾರೂ ಇಲ್ಲದೆ ಒಬ್ಬ ಸೊಸೆ ಇನ್ನೊಬ್ಬ ಹೆಂಗಸಿನೊಂದಿಗೆ ಮಾತಾಡಬಹುದಾದ ಜಾಗ ಆ ಊರಲ್ಲಿ ಅದೊಂದೇ ಆಗಿತ್ತು.

ಆ ಜಾಗವನ್ನು ಹೀಗೆ ಬಳಸಬಹುದೆಂದು ಅವಳಿಗೆ ಹೊಳೆದದ್ದು ವಜೀರಬಿ ಬಂದ ಮೇಲೆ. ವಜೀರಬಿ ಸರಕಾರದ ನರ್ಸು. ತೊಂಬತ್ತರ ಆಸುಪಾಸಿನಲ್ಲಿ ಬಸವಕಲ್ಯಾಣದಿಂದ ಬಸ್ಸಿನಲ್ಲಿ ಬಂದು, ಬಾಣಂತಿಯರಿದ್ದ ಮನೆಮನೆಗೆ ಹೋಗಿ, ಒಂದು ಕೂಸಿಗೂ ಇನ್ನೊಂದು ಕೂಸಿಗೂ ನಡುವೆ ಮೂರು ವರ್ಷವಾದರೂ ಅಂತರವಿರಲಿ, ಸಾಕೆನಿಸಿದವರು ಆಪರೇಶನ್ ಮಾಡಿಸಿಕೊಳ್ಳಿರಿ ಎಂದು ಹೇಳುತ್ತಿದ್ದಳು. ಅತ್ತೆಯರು ಅವಳಿಗೆ ಚಹಾ ಕೊಡುತ್ತಿದ್ದರು. “ಚಾ ಕುಡೀರಿ ಸಿಸ್ಟರಬಾಯಿ, ಆ ಮಾತು ಬಿಡ್ರಿ” ಎನ್ನುತ್ತಿದ್ದರು. ಸೊಸೆ ಒಳಗಿನ ಕೋಣೆಯಲ್ಲಿ ಹೊರಸಿನ ಮೇಲೆ ಮಲಗಿರುತ್ತಿದ್ದಳು. ಅವಳಿಗೆ ಕೇಳಬೇಕಾದ ಮಾತು ಪಡಸಾಲೆಯಲ್ಲೇ ಮುಗಿದುಹೋಗುತ್ತಿತ್ತು.

ಒಂದು ದಿನ ಬಸ್ಸಿಗೆ ಕಾಯುತ್ತ ಕೂತ ವಜೀರಬಿಯ ಪಕ್ಕದಲ್ಲಿ ಕೇಶರಬಾಯಿ ಕೂತಳು.

“ನೀವು ತಪ್ಪ ಮಂದಿ ಮುಂದ ಮಾತಾಡಾಕತ್ತೀರಿ, ಸಿಸ್ಟರಬಾಯಿ.”

“ಮತ್ತ ಯಾರ ಮುಂದ ಮಾತಾಡ್ಲಿ? ಸೊಸಿ ಮುಖಾನೇ ತೋರಸಂಗಿಲ್ಲ ಇವರು.”

“ನನಗ ಮುಖ ಏನು, ಎಲ್ಲಾ ತೋರಸ್ತಾರ. ನನಗ ಹೇಳಿಕೊಡ್ರಿ.”

ಹೀಗೆ ಶುರುವಾಯಿತು. ಕೇಶರಬಾಯಿಗೆ ಜನಸೇವೆಯ ಹುಚ್ಚೇನೂ ಇರಲಿಲ್ಲ. ದ್ರೌಪತಿ ಎಂಬ ಹುಡುಗಿಗೆ ಅವಳು ಒಂದರ ಹಿಂದೊಂದು ವರ್ಷ ಎರೆದಿದ್ದಳು. ಪ್ರತಿ ಸಲ ನೀವುವಾಗ ಆ ಹೊಟ್ಟೆ ಕೈಗೆ ಹಳೆಯ ಚೀಲದಂತೆ ಸಿಗುತ್ತಿತ್ತು. ಮುಂದಿನ ಸಲ ಕರೆ ಬಂದದ್ದು ಬಾಣಂತಿಗೆ ಎರೆಯಲಿಕ್ಕಲ್ಲ, ಹೆಣಕ್ಕೆ ನೀರು ಹಾಕಲಿಕ್ಕೆ. ಅವಳು ಅಳಲಿಲ್ಲ. ಮನೆಗೆ ಬಂದು ಕೈ ತೊಳೆದುಕೊಂಡು ಬಹಳ ಹೊತ್ತು ಕೈಗಳನ್ನೇ ನೋಡುತ್ತ ಕೂತಿದ್ದಳು. ವಜೀರಬಿಯ ಪಕ್ಕದಲ್ಲಿ ಹೋಗಿ ಕೂತದ್ದು ಅದಾದ ಮೇಲೆ.

ಬಸಿರು ತಡೆಯಲು ಗರ್ಭಕೋಶದೊಳಗೆ ಇಡುವ ವಂಕಿ ಎಂದರೇನು, ಹೆರಿಗೆಯಾಗಿ ಎಷ್ಟು ದಿನಕ್ಕೆ ಹಾಕಿಸಬಹುದು, ಬೇಡವೆನಿಸಿದರೆ ತೆಗೆಸಬಹುದು ಎಂಬುದನ್ನು ಕಲಿತಳು. ಕಲಿತದ್ದನ್ನು ತನ್ನ ಭಾಷೆಗೆ ಇಳಿಸಿಕೊಂಡಳು. ಬಾಣಂತಿಯ ಬೆನ್ನಿನ ಮೇಲೆ ಮೊದಲ ತಂಬಿಗೆ ಹೊಡೆದು, ಹುಡುಗಿ ಹಾ ಎನ್ನುವಷ್ಟರಲ್ಲಿ ಕೇಳುತ್ತಿದ್ದಳು:

“ಬರೂ ವರ್ಷ ಮತ್ತ ಇದೇ ಮಣಿ ಮ್ಯಾಲ ಬಂದು ಕೂಡ್ತಿಯೇನ?”

“ಇಲ್ಲ ಆಯಿ.”

“ಇಲ್ಲ ಅಂದ್ರ ಆಗಂಗಿಲ್ಲ. ಏನ್ ಮಾಡ್ತಿ ಹೇಳು.”

“ಅತ್ತಿಗಿ ಕೇಳ್ಬೇಕು…”

“ಹೊಟ್ಟಿ ಅತ್ತಿದೋ, ನಿಂದೋ? ಬ್ಯಾನಿ ತಿಂದಾಕಿ ಯಾರು?” ಎಂದು ಇನ್ನೊಂದು ತಂಬಿಗೆ. ಹಾಲು ಕುಡಿಸುವ ತನಕ ಬಸಿರು ನಿಲ್ಲುವುದಿಲ್ಲ ಎಂದು ಯಾರಾದರೂ ಹೇಳಿದರೆ ಅವಳಿಗೆ ನಗು ತಡೆಯುತ್ತಿರಲಿಲ್ಲ. “ಹಂಗಂದಾಕಿ ಮನ್ಯಾಗ ಹೋಗಿ ನೋಡು. ಒಂದು ಮಲಿ ಬಿಡವಲ್ದು, ಇನ್ನೊಂದು ತೊಟ್ಟಲಾಗ ಅದ, ಮತ್ತೊಂದು ಹೊಟ್ಟ್ಯಾಗ ಅದ. ಮೂರಕ್ಕೂ ಕೂಡಿ ಒಂದೇ ದುಪ್ಪಟಿ.”

ಹುಡುಗಿಯರು ನಗುತ್ತಿದ್ದರು. ನಕ್ಕವರಲ್ಲಿ ಎಷ್ಟೋ ಮಂದಿ ತವರಿನಲ್ಲಿ ಬಾಣಂತನ ಮುಗಿಸುವ ಮೊದಲೇ ಬಸವಕಲ್ಯಾಣದ ದವಾಖಾನೆಗೆ ಹೋಗಿ ವಂಕಿ ಹಾಕಿಸಿಕೊಂಡು ಗಂಡನ ಮನೆಗೆ ಹೋದರು. ಎರಡು ಮೂರು ಹೆತ್ತವರು ಆಪರೇಶನ್ ಮಾಡಿಸಿಕೊಂಡರು. ಪಾರ್ವತಿಬಾಯಿಯ ಸೊಸೆಯಂತೂ ಮೂರೂ ಹೆಣ್ಣು ಹೆತ್ತು, ಸಾಕು ಎಂದು ಹೋಗಿ ಮಾಡಿಸಿಕೊಂಡಳು. ಆ ಮನೆಯಲ್ಲಿ ಆರು ತಿಂಗಳು ಕೇಶರಬಾಯಿಗೆ ಕುಡಿಯಲು ನೀರು ಕೊಡಲಿಲ್ಲ.

ನೆರೆಮನೆಯ ಧೂಳಮ್ಮ ಅವಳ ವಾರಿಗೆಯವಳು. ಇಬ್ಬರ ನಡುವೆ ಜಗಳವಿಲ್ಲದ ದಿನ ಕಡಿಮೆ.

“ಅಲ್ಲೇ ಕೇಶರಿ, ಬಾಳಂತಿಯರಿದ್ರ ನಿನಗ ಜ್ವಾಳ, ಸೀರಿ. ನೀ ನೋಡಿದ್ರ ಬಾಳಂತನಾನೇ ಬಂದ್ ಮಾಡಾಕ ನಿಂತಿ. ನಿನ್ನ ಅನ್ನಕ್ಕ ನೀನೇ ಮಣ್ಣ ಹಾಕೊಳ್ಳಾಕತ್ತಿ.”

“ನಿನಗ್ಯಾಕ? ನಾ ಉಪವಾಸ ಬಿದ್ರ ನಿನ್ನ ಮನಿಗಿ ಬರಂಗಿಲ್ಲ.”

“ಬಾ, ಯಾಕ ಬರಂಗಿಲ್ಲ? ಹಿಟ್ಟು ಹಳಸಿದ್ದಿದ್ರ ಕೊಡ್ತೀನಿ.”

ಊರಿನ ಮೇಲೆ ಇಷ್ಟು ಧೈರ್ಯ ಮಾಡಿದ ಹೆಂಗಸಿಗೆ ಒಬ್ಬಳೇ ಮಗಳು, ಜಗದೇವಿ. ಕೇಶರಬಾಯಿಯ ಕತೆ ಊರಿಗೆ ಗೊತ್ತಿದ್ದದ್ದೇ. ಅವಳ ಗಂಡ ತುಳಜಾರಾಮ, ಉಮರ್ಗಾದ ಕಡೆಯವನು. ಮೊದಲ ಹೆರಿಗೆಯಲ್ಲಿ ಹೆಣ್ಣಾಯಿತು, ಮತ್ತೆ ಬಸಿರು ನಿಲ್ಲಲಿಲ್ಲ. ಅವನು ಇನ್ನೊಬ್ಬಳನ್ನು ತಂದ. ಕೇಶರಬಾಯಿ ಮಗಳನ್ನು ಕಂಕುಳಲ್ಲಿ ಇಟ್ಟುಕೊಂಡು ತವರೂರಿಗೆ ಬಂದಳು. ತವರಿನಲ್ಲಿ ಅಣ್ಣನ ಹೆಂಡತಿ ದನದ ಕೊಟ್ಟಿಗೆಯ ಪಕ್ಕದ ಎರಡಂಕಣ ಬಿಟ್ಟುಕೊಟ್ಟಳು. ಅಂದಿನಿಂದ ಊರವರ ಬಾಯಲ್ಲಿ ಅವಳು ಗಂಡ ಬಿಟ್ಟವಳು. ಮದುವೆಯ ಮನೆಯಲ್ಲಿ ಅಕ್ಕಿ ಆರಿಸಲು ಕರೆಯುತ್ತಿದ್ದರು, ಉಡಿ ತುಂಬಲು ಕರೆಯುತ್ತಿರಲಿಲ್ಲ. ಬಾಣಂತಿಯ ಬಚ್ಚಲಲ್ಲಿ ಮಾತ್ರ ಅವಳ ಮಾತು ನಡೆಯುತ್ತಿತ್ತು.

ಜಗದೇವಿಯನ್ನು ಹುಮನಾಬಾದಿನ ಪಕ್ಕದ ಮಾಣಿಕನಗರಕ್ಕೆ ಕೊಟ್ಟಿದ್ದಳು. ಅಳಿಯ ದಿಲೀಪನದು ಮಠದ ದಾರಿಯಲ್ಲಿ ತೆಂಗಿನಕಾಯಿ, ಊದುಬತ್ತಿ, ಬತ್ತಾಸಿನ ಅಂಗಡಿ. ಮನೆಯಲ್ಲಿ ಅವನ ತಾಯಿ ಮೀರಾಬಾಯಿಯ ಮಾತೇ ಮಾತು. ಮೊದಲ ಹೆರಿಗೆಯಲ್ಲಿ ಪೂನಂ ಹುಟ್ಟಿದಳು. ಎರಡನೆಯದೂ ಹೆಣ್ಣು. ಎರಡೂ ಬಾಣಂತನ ಕೊಹಿನೂರಿನಲ್ಲಿ ಆಯಿತು, ಎರಡರಲ್ಲೂ ತಾಯಿಯೇ ಎರೆದಳು.

ಎರಡನೆಯ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಬೀಗತಿ ಮೀರಾಬಾಯಿ ಬಂದಿದ್ದಳು. ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತ, ಬಹಳ ಮೆತ್ತಗೆ ಮಾತು ತೆಗೆದಳು.

“ಬೀಗತಿಯವರ, ನೀವು ಊರಾಗ ಆಪರೇಶನ್ ಮಾಡಸ್ತೀರಂತ, ಕೇಳಿದೆ. ಚಲೋ ಕೆಲಸ ಬಿಡ್ರಿ, ಪುಣ್ಯದ್ದು. ಆದ್ರ ನಮ್ಮ ಮನ್ಯಾಗ ಅಂಗಡಿ ಅದ. ಅಂಗಡ್ಯಾಗ ಕೂಡಾಕ ಒಂದು ಗಂಡು ಬೇಕಲ್ಲ? ನನ್ನ ತಂಗಿ ಮಗಳು ಚಿಟಗುಪ್ಪಾದಾಗ ಇನ್ನಾ ಲಗ್ನ ಇಲ್ದ ಹಂಗೇ ಕುಂತಾಳ, ಪಾಪ. ನಾ ಏನೂ ಅನ್ನಾಕತ್ತಿಲ್ಲ. ಹಂಗೇ ನೆನಪಾತು, ಹೇಳಿದೆ.”

ಕೇಶರಬಾಯಿ ಅಡಕೊತ್ತಿನಿಂದ ಅಡಿಕೆ ಕತ್ತರಿಸುತ್ತಿದ್ದಳು. ಅವಳ ಕೈ ನಿಂತಿತು. “ಹೌದ್ರಿ” ಎಂದಳು. ಊರಿನ ಅತ್ತೆಯರಿಗೆ ಮುಖದ ಮೇಲೆ ಹೊಡೆದಂತೆ ಉತ್ತರ ಕೊಡುತ್ತಿದ್ದವಳಿಗೆ ಅಂದು ಬಂದದ್ದು ಅದೊಂದೇ ಮಾತು.

ಪಡಸಾಲೆಯ ಆಚೆ ದಿಲೀಪ ಹೊಸ ಟೊಪ್ಪಿಗೆ ಹಾಕಿಕೊಂಡು ಕೂತಿದ್ದ. ಎದ್ದು ಹೋಗಿ ಅವನನ್ನೇ ಕೇಳಿದ್ದರೆ ಆಗುತ್ತಿತ್ತು. ಆದರೆ ಆ ಮನೆತನಗಳಲ್ಲಿ ಅತ್ತೆ ಅಳಿಯನ ಎದುರು ನಿಂತು ಮಾತಾಡುವ ರೂಢಿಯಿರಲಿಲ್ಲ. ಅವನು ಬಂದರೆ ಕೇಶರಬಾಯಿ ಸೆರಗು ಮುಖದ ಮೇಲೆ ಎಳೆದುಕೊಂಡು ಬಾಗಿಲ ಮರೆಗೆ ಸರಿಯುತ್ತಿದ್ದಳು. ಚಹಾ ಬೇಕೋ ಎಂಬುದನ್ನು ಕೂಡ ಇನ್ನೊಬ್ಬರ ಬಾಯಿಂದ ಕೇಳಿಸುತ್ತಿದ್ದಳು. ಊರ ಸೊಸೆಯರ ಬಾಯಿ ಬಿಡಿಸಿದವಳು ತನ್ನ ಸೆರಗನ್ನು ನಾಲ್ಕು ಬೆರಳು ಮೇಲೆತ್ತಲಿಲ್ಲ. ಇದನ್ನು ಮರ್ಯಾದೆ ಎಂದು ಎಲ್ಲರೂ ತಿಳಿದರು, ಅವಳೂ ತಿಳಿದಳು.

ತೊಂಬತ್ತೈದರ ಚಳಿಗಾಲದಲ್ಲಿ ಜಗದೇವಿ ಮೂರನೆಯದಕ್ಕೆ ತವರಿಗೆ ಬಂದಳು. ಇಳಿದಾಗಲೇ ಮುಖದಲ್ಲಿ ರಕ್ತವಿರಲಿಲ್ಲ. ಹೆರಿಗೆ ಕಷ್ಟದ್ದಾಯಿತು. ಮತ್ತೆ ಹೆಣ್ಣು. ವಜೀರಬಿ ಬಂದು ನೋಡಿ, ಕಣ್ಣಿನ ಕೆಳಗಿನ ತೊಗಲು ಎಳೆದು ನೋಡಿ, ಕೇಶರಬಾಯಿಯನ್ನು ಅಂಗಳಕ್ಕೆ ಕರೆದಳು.

“ಆಪರೇಶನ್ ಬ್ಯಾಡ ಅಂದ್ರ ಬ್ಯಾಡ. ಹುಡುಗಿ ಐದು ತಿಂಗಳು ಇಲ್ಲೇ ಇರ್ತಾಳಲ್ಲ, ಒಂದೂವರಿ ತಿಂಗಳಾದ ಮ್ಯಾಲ ಕಲ್ಯಾಣಕ್ಕ ಕರಕೊಂಡು ಬಾ, ವಂಕಿ ಹಾಕಸೂನು. ಮೈ ತುಂಬಿಕೊಳ್ಳಲಿ. ಆಮ್ಯಾಲ ಬೇಕಂದ್ರ ತೆಗಸ್ಲಿ. ಇದು ನಿನಗ ನಾ ಹೇಳಿಕೊಡೂ ಮಾತೇನ?”

“ನೋಡೂನು, ಸಿಸ್ಟರಬಾಯಿ.”

ವಜೀರಬಿ ಅವಳ ಮುಖ ನೋಡಿದಳು. ‘ನೋಡೂನು’ ಎಂಬ ಮಾತು ಅತ್ತೆಯರು ಹೇಳುವ ಮಾತು. ಅದನ್ನು ಕೇಳಿ ಕೇಳಿ ಅವಳ ಕಿವಿ ಸವೆದಿತ್ತು.

ಒಂದು ಬೆಳಿಗ್ಗೆ ಎರೆಯುವ ಹೊತ್ತಿಗೆ ಧೂಳಮ್ಮ ಒಲೆ ನೋಡಿಕೊಳ್ಳಲು ಬಂದು ಕೂತಿದ್ದಳು. ಜಗದೇವಿ ತಾಯಿಗೆ ಬೆನ್ನು ಮಾಡಿ ಮಣೆಯ ಮೇಲೆ ಕೂತಳು. ಮೊದಲ ತಂಬಿಗೆ ನೀರು ಬಿದ್ದಾಗ ಉಸಿರು ಹಿಡಿದಳು, ಬಿಟ್ಟಳು.

“ಅವ್ವಾ.”

“ಏನ?”

“ಧೂಳಮ್ಮ ಕಾಕು ಹೊರಗ ಒಲಿ ಮುಂದ ಕುಂತಾಳ. ಬಾಗಲ ಎಳದೀದಿ. ನೀರು ಬೀಳಾಕತ್ತದ.”

“ಹೌದು. ಮತ್ತೇನಾತು?”

“ನನಗೂ ಹೇಳವ್ವ. ಊರ ಮಂದಿ ಹೆಣ್ಮಕ್ಕಳಿಗಿ ಹೇಳ್ತಿ ಅಲ್ಲ, ಅದು.”

ಕೇಶರಬಾಯಿ ತಂಬಿಗೆ ತುಂಬಿಕೊಂಡಳು, ಹೊಡೆದಳು, ಮತ್ತೆ ತುಂಬಿಕೊಂಡಳು.

“ನಿಂದು ಬ್ಯಾರೆ ಅದ.”

“ಏನ್ ಬ್ಯಾರೆ? ಪಾರ್ವತಿಬಾಯಿ ಸೊಸಿಗಿ ಮೂರೂ ಹೆಣ್ಣು. ಆಕಿಗಿ ನೀನೇ ಹೇಳಿದಿ. ಆಕಿ ಗಂಡ ಬಿಟ್ಟನೇನ?”

“ಬಿಟ್ಟಿಲ್ಲ.”

“ಮತ್ತ?”

“ಆಕಿ ನನ್ನ ಮಗಳಲ್ಲ.”

ಅವಳ ಬಾಯಿಂದ ಹೊರಬಿದ್ದ ನಿಜವಾದ ಮಾತು ಇದೊಂದೇ. ಪಾರ್ವತಿಬಾಯಿಯ ಸೊಸೆಯನ್ನು ಗಂಡ ಬಿಟ್ಟಿದ್ದರೆ ಕೇಶರಬಾಯಿ ಎರಡು ದಿನ ಮರುಗುತ್ತಿದ್ದಳು, ಮೂರನೆಯ ದಿನ ಇನ್ನೊಂದು ಮನೆಯಲ್ಲಿ ಎರೆಯುತ್ತಿದ್ದಳು. ಆ ಸೊಸೆ ದನದ ಕೊಟ್ಟಿಗೆಯ ಪಕ್ಕಕ್ಕೆ ಬಂದು ಬೀಳುತ್ತಿದ್ದದ್ದು ಬೇರೆ ಯಾರದೋ ಮನೆಯಲ್ಲಿ. ಬೇರೆಯವರ ಮಗಳ ಸಂಸಾರದ ಮೇಲೆ ಧೈರ್ಯ ಮಾಡುವುದು ಕಷ್ಟವಲ್ಲ. ಅದಕ್ಕೆ ಜನ ತಿಳಿವಳಿಕೆ ಎಂದು ಹೆಸರಿಡುತ್ತಾರೆ.

ಜಗದೇವಿ ಮುಖದ ಮೇಲಿನ ನೀರು ಒರೆಸಿಕೊಂಡಳು.

“ಆಪರೇಶನ್ ಬ್ಯಾಡವ್ವ. ವಂಕಿ ಹಾಕಸು. ಎರಡು ವರ್ಷ ನಾ ಜರಾ ನೆಟ್ಟಗ ನಿಂದರಬೇಕು. ಎದ್ದು ನಿಂತ್ರ ಕಣ್ಣಿಗಿ ಕತ್ತಲಿ ಬರ್ತದ.”

“ಅಳಿಯಂದ್ರಿಗಿ ಗೊತ್ತಾದ್ರ?”

“ನೀನೇ ಕೇಳು ಅವರಿಗಿ. ನಾ ಕೇಳಿದ್ರ ಅತ್ತಿ ಕಿವಿಗಿ ಬೀಳ್ತದ.”

“ನಾ ಹ್ಯಾಂಗ ಕೇಳ್ಲೇ? ಅಳಿಯನ ಮುಂದ ನಿಂತು ಇಂಥಾ ಮಾತಾಡೂದ?”

“ಕಾಸಿಂನ ಹೇಂತಿಗಿ ವಂಕಿ ಹಾಕಸೂ ಮುಂದ ಅವನ ಅಂಗಡಿಗಿ ಹೋಗಿ ಬೈದು ಬಂದಿದ್ದಿ.”

“ಕಾಸಿಂ ನನ್ನ ಅಳಿಯನೇನ?” ಕೇಶರಬಾಯಿಯ ಧ್ವನಿ ಏರಿತು. ಮತ್ತೆ ಇಳಿಯಿತು. “ಕೂಸಿಗಿ ಹಾಲು ಬಿಡಸಬ್ಯಾಡ. ಮೂರು ವರ್ಷ ಕುಡಸು. ಹಾಲು ಕುಡಸೂತನಕ ಏನೂ ಆಗಂಗಿಲ್ಲ.”

ಜಗದೇವಿ ಹಿಂತಿರುಗಿ ನೋಡಿದಳು. ಒದ್ದೆ ಕೂದಲು ಮುಖಕ್ಕೆ ಅಂಟಿತ್ತು. ಅವಳು ನಕ್ಕಳು. ಬಚ್ಚಲಲ್ಲಿ ಈ ಮಾತಿಗೆ ನಕ್ಕ ಹುಡುಗಿಯರನ್ನು ಕೇಶರಬಾಯಿ ಬಹಳ ಕಂಡಿದ್ದಳು, ನಗಿಸಿದವಳೂ ತಾನೇ. ಈ ನಗು ಹಾಗಿರಲಿಲ್ಲ.

“ಮೂರಕ್ಕೂ ಕೂಡಿ ಒಂದೇ ದುಪ್ಪಟಿ” ಎಂದಳು ಜಗದೇವಿ. ಮತ್ತೆ ಮುಖ ತಿರುಗಿಸಿದಳು. “ಹಾಕು ನೀರ, ಆರಾಕತ್ತದ.”

ಹೊರಗಿನಿಂದ ಧೂಳಮ್ಮ ಕೂಗಿದಳು. “ಏ ತಾಯಿ ಮಗಳು, ಏನ್ ಗುಸುಗುಸು ನಡಸೀರಿ? ಇನ್ನೊಂದು ಹಂಡೇವು ಕಾಸಲ್ಯೇನ?”

“ಸಾಕು” ಎಂದಳು ಕೇಶರಬಾಯಿ.

ಒಂದೂವರೆ ತಿಂಗಳು ಬಂತು, ಹೋಯಿತು. ವಜೀರಬಿ ಎರಡು ಸಲ ಬಂದು ಹೇಳಿದಳು. ಒಮ್ಮೆ ಕೇಶರಬಾಯಿ ಮಗಳಿಗೆ ಜ್ವರ ಎಂದಳು, ಇನ್ನೊಮ್ಮೆ ಅಮಾವಾಸ್ಯೆ ಹತ್ತಿರ ಬಂತು ಎಂದಳು. ಐದನೆಯ ತಿಂಗಳಲ್ಲಿ ಮಾಣಿಕನಗರದಿಂದ ಕರೆಯಲು ಬಂದರು. ಕೇಶರಬಾಯಿ ಪಾರ್ವತಿಬಾಯಿಯನ್ನು ಕರೆಸಿ ಮಗಳ ಉಡಿ ತುಂಬಿಸಿದಳು. ಅಕ್ಕಿ, ಕೊಬ್ಬರಿ, ಅರಿಸಿಣದ ಬೇರು, ಬೆಲ್ಲ. ಜಗದೇವಿ ಗೋಡೆಗೆ ಒರಗಿ ಸೆರಗು ಒಡ್ಡಿದಳು. ತಾಯಿಯ ಪಾದ ಮುಟ್ಟಿ ಹೊರಟಳು.

ಹಾಲು ಕುಡಿಯುವ ಕೂಸಿಗೆ ಹಲ್ಲು ಮೂಡುವ ಮೊದಲೇ ಮತ್ತೆ ಬಸಿರು ನಿಂತಿತು.

ನಾಲ್ಕನೆಯದಕ್ಕೆ ಯಾರೂ ತವರಿಗೆ ಕಳಿಸುವುದಿಲ್ಲ. ಅದೂ ಒಂದು ರೂಢಿ. ಹೆರಿಗೆ ಮಾಣಿಕನಗರದ ಮನೆಯಲ್ಲೇ ಆಯಿತು. ಎರಡು ದಿನ ಬೇನೆ ತಿಂದಳು. ಗಂಡು ಹುಟ್ಟಿತು. ಜಗದೇವಿ ಸಾಯಲಿಲ್ಲ. ರಕ್ತ ಬಹಳ ಹೋಯಿತು, ಗರ್ಭಕೋಶ ಕೆಳಗಿಳಿಯಿತು. ಹುಮನಾಬಾದಿನ ಡಾಕ್ಟರೊಬ್ಬರು ಇನ್ನು ಮುಂದೆ ಭಾರ ಎತ್ತಬಾರದು ಎಂದು ಹೇಳಿ, ಅವಳಿಗೆ ಆಪರೇಶನ್ ಮಾಡಿಸಿದರು. ಮೀರಾಬಾಯಿ ಬೇಡವೆನ್ನಲಿಲ್ಲ. ಅವಳಿಗೆ ಬೇಕಾದದ್ದು ಸಿಕ್ಕಿತ್ತು.

ತೊಟ್ಟಿಲಿನ ದಿನ ಕೇಶರಬಾಯಿ ಹೋದಳು. ಮನೆಯ ಮುಂದೆ ಹಂದರ ಹಾಕಿದ್ದರು. ಕೂಸಿಗೆ ಓಂಪ್ರಕಾಶ ಎಂದು ಹೆಸರಿಟ್ಟರು. ಮೀರಾಬಾಯಿ ಪೇಢೆಯ ತಟ್ಟೆ ಹಿಡಿದು ಎದುರು ಬಂದು, ಎಲ್ಲರಿಗೂ ಕೇಳುವಂತೆ ಹೇಳಿದಳು:

“ನೋಡ್ರೆವ್ವಾ, ಇವರೇ ನಮ್ಮ ಬೀಗತಿ. ಊರಿಗೆಲ್ಲ ಆಪರೇಶನ್ ಅಂತಾರ, ಮಗಳಿಗಿ ಮಾತ್ರ ತಡಿ ಅಂದ್ರು. ಅದಕ್ಕೇ ಇವತ್ತು ತೊಟ್ಟಲಾಗ ಗಂಡು ಮಲಗ್ಯಾನ. ಶಾಣ್ಯಾಳು!”

ಹೆಂಗಸರು ನಕ್ಕು ಹೌದೆಂದರು. ಕೇಶರಬಾಯಿಯ ಬಾಯಿಗೆ ಪೇಢೆ ತುರುಕಿದರು. ಅವಳು ಅದನ್ನು ಅಗಿದು ನುಂಗಿದಳು. ಜೀವನದಲ್ಲಿ ಮೊದಲ ಸಲ ತುಂಬಿದ ಹಂದರದಲ್ಲಿ ಅವಳನ್ನು ಹೊಗಳಿದ್ದರು.

ಒಳಗೆ ಜಗದೇವಿ ಹೊರಸಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕೇಶರಬಾಯಿ ಸೀರೆ ಮೇಲಕ್ಕೆ ಕಟ್ಟಿ, ಎಣ್ಣೆಯ ಬಟ್ಟಲು ಹುಡುಕತೊಡಗಿದಳು.

“ಏಳು, ಎರಿತೀನಿ. ಹೊಟ್ಟಿ ನೀವಿ ಕಟ್ಟತೀನಿ, ಮ್ಯಾಲಕ್ಕ ಏರ್ತದ.”

“ಬ್ಯಾಡ. ಇಲ್ಲಿ ಎರಿಯಾಕ ಬರ್ತಾಳ ಒಬ್ಬಾಕಿ.”

“ಅವ್ವ ಇದ್ದಾಗ ಮಂದಿ ಯಾಕ?”

“ಆಕಿ ಬಾಯಿ ಸತ್ತಾಕಿ. ಏನೂ ಹೇಳಂಗಿಲ್ಲ, ಯಾರಿಗೂ ಹೇಳಂಗಿಲ್ಲ. ಅದಕ್ಕ ನನಗ ಆಕಿ ಸಾಕು” ಎಂದಳು ಜಗದೇವಿ, ಮುಖ ಈಚೆ ತಿರುಗಿಸದೆ.

ಕೇಶರಬಾಯಿ ಸಂಜೆಯ ಬಸ್ಸಿಗೆ ಕೊಹಿನೂರಿಗೆ ಮರಳಿದಳು. ಊರಿಗೆ ಸುದ್ದಿ ಅವಳಿಗಿಂತ ಮೊದಲೇ ಬಂದಿತ್ತು. ಮರುವರ್ಷ ಧೂಳಮ್ಮನ ಸೊಸೆಗೆ ಎರಡನೆಯ ಹೆಣ್ಣು ಹುಟ್ಟಿತು. ಎರೆಯಲು ಕೇಶರಬಾಯಿಯೇ ಹೋದಳು. ಬಾಗಿಲು ಎಳೆದುಕೊಂಡಳು. ತಂಬಿಗೆ ತುಂಬಿದಳು.

“ಬರೂ ವರ್ಷ ಮತ್ತ ಇದೇ ಮಣಿ ಮ್ಯಾಲ…”

“ಇರ್ಲಿ ಬಿಡು ಆಯಿ” ಎಂದಳು ಹುಡುಗಿ. ಅವಳ ಧ್ವನಿಯಲ್ಲಿ ಕುಹಕವಿರಲಿಲ್ಲ. “ನಿನ್ನ ಮಗಳಿಗಿ ಮೂರು ಆದ ಮ್ಯಾಲ ಗಂಡಾತಲ್ಲ. ನೀನೂ ತಡದಿ. ನಮ್ಮತ್ತಿ ಹೇಳ್ಯಾಳ, ಕೇಶರಿ ತನ್ನ ಮಗಳಿಗಿ ಹೇಳಲಾರದ್ದು ನಿನಗ ಹೇಳಿದ್ರ ಕೇಳಬ್ಯಾಡ ಅಂತ.”

ಕೇಶರಬಾಯಿ ಆ ಹುಡುಗಿಗೆ ಮಗಳ ಈಗಿನ ಸ್ಥಿತಿ ಹೇಳಬಹುದಿತ್ತು. ಕೊಡ ಎತ್ತಲಾರಳು, ಬಹಳ ಹೊತ್ತು ನಿಲ್ಲಲಾರಳು, ಕೆಮ್ಮಿದರೆ ನಡು ಹಿಡಿದುಕೊಳ್ಳುತ್ತಾಳೆ ಎಂದು ಹೇಳಬಹುದಿತ್ತು. ಹೇಳಲು ಹೋದಳು ಕೂಡ. ಆದರೆ ಹೇಳಿದರೆ ಮಗಳ ಮೈಯ ಮಾತು ಸಂಜೆಯೊಳಗೆ ಧೂಳಮ್ಮನ ಬಾಯಿಂದ ಊರಿಗೆಲ್ಲ ಹೋಗುತ್ತದೆ, ಊರಿಂದ ಹುಮನಾಬಾದಿಗೆ ಹೋಗುತ್ತದೆ. ಅಲ್ಲಿಯೂ ಮರ್ಯಾದೆ ಅಡ್ಡ ಬಂತು. ಸುಮ್ಮನೆ ಎರೆದು ಎದ್ದಳು. ಧೂಳಮ್ಮನ ಸೊಸೆ ಮುಂದೆ ಮತ್ತೆರಡು ಹೆತ್ತಳು. ಎರಡೂ ಹೆಣ್ಣು. ಪಾರ್ವತಿಬಾಯಿಯ ಸೊಸೆಗೆ ಮಾತ್ರ ಕೆಲವರು ಈಗ ಪಾಪ ಎನ್ನತೊಡಗಿದರು. ದುಡುಕಿದಳು, ಇನ್ನೊಂದು ನೋಡಬೇಕಿತ್ತು ಎಂದರು. ಅಷ್ಟು ವರ್ಷ ಬಚ್ಚಲು ಬಚ್ಚಲಿಗೆ ಹೋಗಿ ಆಡಿದ ಮಾತನ್ನು ಕೇಶರಬಾಯಿಯ ಒಂದು ಮೌನ ಅಳಿಸಿಹಾಕಿತ್ತು.

ವಜೀರಬಿಗೆ ವರ್ಗವಾಯಿತು. ಹೋಗುವ ದಿನ ಅವಳೇ ಮನೆಯವರೆಗೆ ಬಂದಳು. ಕೇಶರಬಾಯಿ ಚಹಾ ಮಾಡಿಕೊಟ್ಟಳು.

“ನಿನ್ನ ಮ್ಯಾಲ ನನಗ ಸಿಟ್ಟಿಲ್ಲ” ಎಂದಳು ವಜೀರಬಿ. “ಸಿಟ್ಟು ಬರೂ ಮಂದಿ ಬಹಳ ಅದಾರ. ಅದ್ರಾಗ ನಿನ್ನ ಸೇರಿಸಬಾರದು ಅನಕೊಂಡಿದ್ದೆ.”

“ಅನ್ರಿ. ನೀವೂ ಅನ್ರಿ.”

“ಅನ್ನೂದೇನದ? ನೀನೂ ಚಾ ಕೊಟ್ಟು ಕಳಸಿದಿ ನನಗ.”

ಎರಡು ಸಾವಿರ ದಾಟಿದ ಮೇಲೆ ಹೆರಿಗೆಗಳು ದವಾಖಾನೆಗೆ ಹೋದವು. ಎರೆಯುವವಳನ್ನು ಕರೆಯುವ ಮನೆಗಳು ಕಡಿಮೆಯಾದವು. ಮೀರಾಬಾಯಿ ತೀರಿಕೊಂಡಳು. ಓಂಪ್ರಕಾಶ ಬೆಳೆದು ಅಂಗಡಿಯಲ್ಲಿ ಕೂತ. ಅವನ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಅವನಂಥ ಹುಡುಗರು ಎಲ್ಲ ಅಂಗಡಿಗಳಲ್ಲೂ ಕೂತಿರುತ್ತಾರೆ. ಅವನು ಬರುವ ತನಕ ಬತ್ತಾಸು ಮಾರಾಟವಾಗದೆ ಉಳಿದಿರಲಿಲ್ಲ.

ಪೂನಂಳನ್ನು ಕೊಡಂಬಲಕ್ಕೆ ಕೊಟ್ಟರು. ಅವಳು ಮೊದಲ ಹೆರಿಗೆಗೆ ತವರಿಗೆ, ಅಂದರೆ ಮಾಣಿಕನಗರಕ್ಕೆ, ಬಂದಳು. ಎರೆಯಲು ಯಾರೂ ಸಿಗಲಿಲ್ಲ. ಜಗದೇವಿ ಕೊಡ ಎತ್ತುವಂತಿರಲಿಲ್ಲ. ಹೀಗಾಗಿ ಅವಳೇ ತಾಯಿಗೆ ಹೇಳಿ ಕಳಿಸಿದಳು. ಹೆತ್ತವ್ವನಿಗೆ ಎರೆಯಗೊಡದ ಮಗಳು ಇಷ್ಟು ವರ್ಷಗಳ ಮೇಲೆ ನೀರಿನ ಕೆಲಸಕ್ಕೆ ಕರೆದಿದ್ದಳು. ಕೇಶರಬಾಯಿ ಮುಂಜಾನೆಯ ಬಸ್ಸು ಹಿಡಿದು ಬಂದಳು. ಬೆನ್ನು ಬಾಗಿತ್ತು, ಕೈ ಮಾತ್ರ ಇನ್ನೂ ಗಟ್ಟಿಯಿತ್ತು.

ದಿಲೀಪ ಕಟ್ಟೆಯ ಮೇಲೆ ಕೂತಿದ್ದ. ಅವನಿಗೂ ಕೂದಲು ನೆರೆತಿತ್ತು. ಕೇಶರಬಾಯಿ ಅಭ್ಯಾಸದಂತೆ ಸೆರಗಿಗೆ ಕೈ ಹಾಕಿದಳು.

“ಇರ್ಲಿ ಬಿಡ್ರಿ ಅತ್ತಿ” ಎಂದ ಅವನು ನಗುತ್ತ. “ನಾವಿಬ್ಬರೂ ಮುದುಕರಾದ್ವಿ, ಇನ್ನ ಯಾರಿಗಿ ನಾಚಗಿ? ಕೂಡ್ರಿ, ಚಾ ಕುಡೀರಿ.”

ಮದುವೆಯಾಗಿ ಅಷ್ಟು ವರ್ಷಗಳಲ್ಲಿ ಅವನು ಅವಳೊಂದಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಚಹಾ ಕುಡಿಯುತ್ತ ಅವನು ಊರು, ಬಸ್ಸು, ಕಾಯಿಯ ಧಾರಣೆ ಎಂದು ಏನೇನೋ ಮಾತಾಡಿದ. ಮಾತಿನ ನಡುವೆ ತೀರಿಹೋದ ತಾಯಿಯ ಸುದ್ದಿ ಬಂತು.

“ಅವ್ವಂದು ಬಾಯಿ ಜೋರು, ಅತ್ತಿ. ಚಿಟಗುಪ್ಪಾದಾಕಿನ ತರ್ತೀನಿ ಅಂತ ಅಂಜಸ್ತಿದ್ಲಂತ ಇಕಿಗಿ. ಮೊನ್ನೆ ಇಕಿ ಹೇಳಿದ್ಲು. ನಾ ಎಲ್ಲಿ ಮಾಡ್ಕೊತಿದ್ದೆ? ಒಂದು ಸಂಸಾರ ಎಳಿಯೂದೇ ಸಾಕಾಗ್ಯಾದ. ಮೂರು ಹೆಣ್ಣಿದ್ರ ಏನಾತು, ನಂದು ಸಾಕು ಅನ್ನೂದೇ ಇತ್ತು.”

ಕೇಶರಬಾಯಿ ಚಹಾದ ಬಸಿ ಕೆಳಗಿಟ್ಟಳು.

“ಆಗ್ಯಾಕ ಅನ್ನಲಿಲ್ರಿ?”

“ಯಾರ ಕೇಳಿದ್ರು ನನಗ?” ಎಂದ ದಿಲೀಪ. ಅವನಿಗೆ ನಿಜವಾಗಿ ಆಶ್ಚರ್ಯವಾಗಿತ್ತು.

ಆಗ ಕೇಳಿದ್ದರೆ ಅವನು ಹೀಗೆಯೇ ಹೇಳುತ್ತಿದ್ದನೇ, ತಾಯಿಯ ಮುಖ ನೋಡಿ ಸುಮ್ಮನಾಗುತ್ತಿದ್ದನೇ, ಯಾರಿಗೂ ತಿಳಿಯದು. ವಯಸ್ಸಾದ ಮೇಲೆ ಗಂಡಸರಿಗೆ ತಾವು ಹಿಂದೆ ಬಹಳ ಒಳ್ಳೆಯವರಾಗಿದ್ದೆವು ಎಂದು ನೆನಪಾಗುತ್ತದೆ. ಆದರೆ ಕೇಶರಬಾಯಿ ಕೇಳಿ ನೋಡಲಿಲ್ಲ ಎಂಬುದು ಮಾತ್ರ ಖರೆ. ಅವನು ಇನ್ನೂ ಮಾತಾಡುತ್ತಿದ್ದ. ಅಷ್ಟರಲ್ಲಿ ಒಳಗಿನಿಂದ ಜಗದೇವಿಯ ಧ್ವನಿ ಕೇಳಿತು.

“ಅವ್ವಾ, ನೀರು ಕಾದದ. ಬಾ.”

ಕೇಶರಬಾಯಿ ಎದ್ದು, ಸೀರೆ ಮೇಲಕ್ಕೆ ಕಟ್ಟಿ, ಒಲೆಯ ಮೇಲಿನ ಹಂಡೆಯಿಂದ ನೀರು ಕೊಡಕ್ಕೆ ತುಂಬಿಕೊಂಡು ಹೊತ್ತು ಬಚ್ಚಲಿನ ಹೊಸ್ತಿಲವರೆಗೆ ಒಯ್ದಳು. ಪೂನಂ ಮಣೆಯ ಮೇಲೆ ಕೂತಿದ್ದಳು. ಬೆನ್ನು ತಾಯಿಯ ಬೆನ್ನಿನಂತೆಯೇ ಸಣ್ಣದು. ಜಗದೇವಿ ಪಕ್ಕದಲ್ಲಿ ಒಂದು ಚಿಕ್ಕ ಸ್ಟೂಲಿನ ಮೇಲೆ ಕೂತು ತಂಬಿಗೆ ಹಿಡಿದಿದ್ದಳು. ನಿಂತು ಎರೆಯಲು ಅವಳಿಂದ ಆಗುತ್ತಿರಲಿಲ್ಲ. ಕೇಶರಬಾಯಿ ಒಳಗೆ ಕಾಲಿಡಲು ಹೋದಳು.

“ಅಲ್ಲೇ ಇಡು ಕೊಡ.”

“ನಾ ಎರಿತೀನಿ ಬಿಡು. ನಿನ್ನ ಕೈಲಿ ಆಗಂಗಿಲ್ಲ.”

“ಕೂತು ಎರಿತೀನಿ. ಆಗ್ತದ.” ಜಗದೇವಿ ಒಂದು ಕೈಯಿಂದ ಬಾಗಿಲು ಹಿಡಿದಳು. “ನೀ ಹೊರಗ ಒಲಿ ಮುಂದ ಕೂಡು. ಒಲಿ ಬಿಟ್ಟು ಏಳಬ್ಯಾಡ.”

ಬಾಗಿಲು ಮುಂದಕ್ಕೆ ಬಂತು.

ಕೇಶರಬಾಯಿ ಒಲೆಯ ಮುಂದೆ ಕೂತಳು. ಒಳಗೆ ಮೊದಲ ತಂಬಿಗೆ ಬಿತ್ತು. ಪೂನಂ ಹಾ ಎಂದಳು. ಜಗದೇವಿ ಏನೋ ಕೇಳಿದಳು. ಪೂನಂ ಏನೋ ಹೇಳಿದಳು. ಮತ್ತೆ ನೀರು ಬಿತ್ತು. ಕೇಶರಬಾಯಿ ಕತ್ತು ಚಾಚಿ ಕಿವಿಗೊಟ್ಟಳು. ಒಂದು ಮಾತೂ ತಿಳಿಯಲಿಲ್ಲ. ಒಲೆಯ ಮುಂದೆ ಕೂತವರಿಗೆ ಒಳಗಿನದು ತಿಳಿಯುವುದಿಲ್ಲ ಎಂಬುದು ಅವಳಿಗಿಂತ ಚೆನ್ನಾಗಿ ಇನ್ನಾರಿಗೂ ಗೊತ್ತಿರಲಿಲ್ಲ.

ಉರಿ ಇಳಿಯುತ್ತಿತ್ತು. ಅವಳು ಕಟ್ಟಿಗೆ ದೂಡಿದಳು.